ಓದುಗರ ಪ್ರಶ್ನೆಗಳಿಗೆ ಉತ್ತರ: ಟ್ರ್ಯಾಕ್ಟರಿನ ಏರ್ ಫಿಲ್ಟರ್

ಕಬ್ಬಿನ ಹಂಗಾಮು ಹತ್ತಿರವಾಗುತ್ತಿದ್ದಂತೆ ಟ್ರ್ಯಾಕ್ಟರುಗಳ ಬಗ್ಗೆ ಪುಣೆ, ಮುಂಬೈ ಮತ್ತು ಗೋವೆಯ ಓದುಗರು ಬರೆದ ಪತ್ರಗಳಲ್ಲಿ ಐದು ಪತ್ರಗಳು ಇಂಜಿನ್ನಿನ ಏರ್ ಫಿಲ್ಟರನ್ನೇ ಕುರಿತಾಗಿದ್ದವು. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿದ್ದೇನೆ, ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ಮೂಲತಃ ವಿಜಯಪುರ ಜಿಲ್ಲೆಯವನು. ತಮ್ಮನೊಡನೆ ಸೇರಿ 75 ಎಚ್‌ಪಿಯ ಎರಡು ಟ್ರ್ಯಾಕ್ಟರುಗಳನ್ನು ಇಂದಾಪುರ, ಬಾರಾಮತಿ ಕಡೆಗೆ ಬಾಡಿಗೆಗೆ ಓಡಿಸುತ್ತಿದ್ದೇನೆ. ಬೇಸಿಗೆಯಲ್ಲಿ ಮಣ್ಣು ಹುಡಿ ಮಾಡುವ ರೋಟಾವೇಟರ್ ಕೆಲಸ, ಹಂಗಾಮಿನಲ್ಲಿ ಕಬ್ಬಿನ ಸಾಗಣೆ. ನಮ್ಮ ಚಾಲಕರು ಬಹಳ ನಿಷ್ಠೆಯವರು. ದಿನವೂ ಬೆಳಿಗ್ಗೆ ಏರ್ ಫಿಲ್ಟರನ್ನು ಹೊರತೆಗೆದು, ಟೈರಿಗೆ ಬಡಿದು ಧೂಳು ಉದುರಿಸಿ, ಕಂಪ್ರೆಸರ್ ಗಾಳಿ ಹೊಡೆದು ಮತ್ತೆ ಕೂರಿಸುತ್ತಾರೆ. ಹೀಗಿದ್ದರೂ ಒಂದು ಟ್ರ್ಯಾಕ್ಟರ್ 2,200 ಗಂಟೆ ಓಡುವಷ್ಟರಲ್ಲೇ ಆಯಿಲ್ ಕುಡಿಯತೊಡಗಿದೆ. ಇಂಜಿನ್ ಧೂಳು ತಿಂದಿದೆ, ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ಮತ್ತು ಪಿಸ್ಟನ್ ಹೊಸದು ಹಾಕಬೇಕು ಎಂದು ಮೆಕ್ಯಾನಿಕ್ ಹೇಳುತ್ತಾರೆ. ಇಷ್ಟು ಕಾಳಜಿ ಮಾಡಿದ ಮೇಲೂ ಹೀಗೇಕಾಯಿತು? (ಹಡಪ್ಸರ್, ಪುಣೆ)

ಉತ್ತರ: ಮೊದಲಿಗೆ ಒಂದು ಮಾತು: ನಿಮ್ಮ ಚಾಲಕರನ್ನು ದೂರಬೇಡಿ. ಅವರಿಗೆ ಹೀಗೆ ಮಾಡಲು ಕಲಿಸಿದವರು ಈ ಕಸುಬಿನಲ್ಲಿರುವ ನಾವೇ. ಆದರೆ ನೀವು ವಿವರಿಸಿದ ಆ ದಿನನಿತ್ಯದ ಶುಚಿಕಾರ್ಯವೇ ಧೂಳು ಇಂಜಿನ್ನಿನೊಳಗೆ ಹೋದ ದಾರಿಯಾಗಿರುವ ಸಂಭವ ಹೆಚ್ಚು.

ಇಂಜಿನ್ ಎಷ್ಟು ಗಾಳಿ ಎಳೆಯುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡೋಣ. 4 ಲೀಟರ್ ಗಾತ್ರದ ಇಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುವಾಗ, ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿ ಎಳೆಯುವುದರಿಂದ, ನಿಮಿಷಕ್ಕೆ ಸುಮಾರು 4,000 ಲೀಟರ್, ಅಂದರೆ ಗಂಟೆಗೆ 240 ಘನ ಮೀಟರ್ ಗಾಳಿ ಒಳಗೆ ಹೋಗುತ್ತದೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇದ್ದರೆ ಇನ್ನೂ ಹೆಚ್ಚು. ರೋಟಾವೇಟರಿನ ಹಿಂದೆ ಏಳುವ ಧೂಳು ಘನ ಮೀಟರಿಗೆ 0.1 ಗ್ರಾಂ ಮಾತ್ರ ಎಂದು ಹಿಡಿದರೂ ಹತ್ತು ಗಂಟೆಯ ಕೆಲಸದಲ್ಲಿ 240 ಗ್ರಾಂ ಧೂಳು ಏರ್ ಕ್ಲೀನರಿನ, ಅಂದರೆ ಫಿಲ್ಟರ್ ಕೂರುವ ಗೂಡಿನ, ಬಾಯಿಗೆ ಬಂದು ಸೇರುತ್ತದೆ. ಫಿಲ್ಟರ್ ನೂರಕ್ಕೆ 99.9 ಭಾಗ ತಡೆದರೆ ಒಳಗೆ ಹೋಗುವುದು ಕಾಲು ಗ್ರಾಂಗೂ ಕಡಿಮೆ. ಅದೇ ಫಿಲ್ಟರ್ 99 ಭಾಗ ಮಾತ್ರ ತಡೆದರೆ ಎರಡು ಗ್ರಾಂ ದಾಟುತ್ತದೆ. ಲೆಕ್ಕದಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ ಕಾಣುವ ಈ ವ್ಯತ್ಯಾಸ ಲೈನರಿನ ಪಾಲಿಗೆ ಹತ್ತು ಪಟ್ಟು. ಧೂಳಿನಲ್ಲಿರುವ ಸಿಲಿಕಾ ಕಣಗಳು ಲೈನರಿನ ಕಬ್ಬಿಣಕ್ಕಿಂತ ಗಡುಸಾದವು, ಅವುಗಳಲ್ಲಿಯೂ 5ರಿಂದ 20 ಮೈಕ್ರಾನ್ ಗಾತ್ರದವು, ಅಂದರೆ ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಸಣ್ಣವು, ಪಿಸ್ಟನ್ನಿನ ಸುತ್ತಲಿನ ರಿಂಗ್ ಮತ್ತು ಲೈನರ್ ನಡುವಿನ ಆಯಿಲ್ ಪದರದೊಳಗೆ ನುಸುಳಿ ಉಜ್ಜುಕಾಗದದಂತೆ ಕೆಲಸ ಮಾಡುತ್ತವೆ.

ಇನ್ನು ಫಿಲ್ಟರಿನ ಸ್ವಭಾವ. ಮಳೆಗಾಲದ ಕೆಂಪು ನೀರನ್ನು ಪಂಚೆಯಲ್ಲಿ ಸೋಸಿದ ಮನೆಗಳಲ್ಲಿ ಇದು ಗೊತ್ತು: ಮೊದಲ ಕೊಡ ಕಲಕಾಗಿ ಬರುತ್ತದೆ, ಬಟ್ಟೆಯ ಮೇಲೆ ಮಣ್ಣಿನ ತೆಳು ಪದರ ಕುಳಿತ ಮೇಲೆ ತಿಳಿನೀರು ಬರುತ್ತದೆ. ಏರ್ ಫಿಲ್ಟರಿನ ಕಾಗದವೂ ಹಾಗೆಯೇ. ಮೇಲೆ ಕೂತ ಧೂಳಿನ ಪದರವೇ ಮುಂದಿನ ಸಣ್ಣ ಧೂಳನ್ನು ತಡೆಯುವುದರಿಂದ, ಸ್ವಲ್ಪ ಓಡಿದ ಫಿಲ್ಟರ್ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ. ನಿಮ್ಮ ಚಾಲಕರು ದಿನವೂ ಬೆಳಿಗ್ಗೆ ಆ ಪದರವನ್ನು ಉದುರಿಸಿದ್ದಾರೆ. ಟೈರಿಗೆ ಬಡಿದಾಗ ತಗಡಿನ ಅಂಚು ಒಂದು ಕೂದಲೆಳೆಯಷ್ಟು ಡೊಂಕಾದರೂ ಸೀಲ್ ಸರಿಯಾಗಿ ಕೂರುವುದಿಲ್ಲ. ಟೈರಿನ ಗಾಳಿಗೆಂದು ಇಟ್ಟ ಕಂಪ್ರೆಸರಿನ ಒತ್ತಡ 6ರಿಂದ 8 ಬಾರ್ ಇರುವುದರಿಂದ ಕಾಗದದ ಮಡಿಕೆಗಳಲ್ಲಿ ಕಣ್ಣಿಗೆ ಕಾಣದ ರಂಧ್ರಗಳಾಗುತ್ತವೆ. ಇವೆಲ್ಲದರ ಮೇಲೆ, ಪ್ರತಿ ಬಾರಿ ಮುಚ್ಚಳ ತೆರೆದಾಗ ಗೂಡಿನ ಗೋಡೆಗೆ ಅಂಟಿದ ಧೂಳು ಶುದ್ಧ ಗಾಳಿಯ ಭಾಗಕ್ಕೆ ಬೀಳುತ್ತದೆ. ಒಂದು ವರ್ಷದಲ್ಲಿ ಮುನ್ನೂರು ಬಾರಿ ತೆರೆದರೆ ಮುನ್ನೂರು ಅವಕಾಶ.

ಹಾಗಾದರೆ ಯಾವಾಗ ಬದಲಾಯಿಸಬೇಕು? ಕಣ್ಣಿನಿಂದ ನೋಡಿ ಕೊಳಕಾಗಿದೆ ಎಂದು ನಿರ್ಧರಿಸಬಾರದು. ನಿಮ್ಮ ಗಾತ್ರದ ಟ್ರ್ಯಾಕ್ಟರುಗಳಲ್ಲಿ ಫಿಲ್ಟರ್ ಮತ್ತು ಇಂಜಿನ್ ನಡುವಿನ ಕೊಳವೆಯ ಮೇಲೆ ಕೆಂಪು ಗುರುತು ತೋರಿಸುವ ಸಣ್ಣ ಇಂಡಿಕೇಟರ್ ಇರುತ್ತದೆ, ಇಲ್ಲವೇ ಅದಕ್ಕೆ ಜೋಡಿಸಿದ ದೀಪ ಡ್ಯಾಶ್‌ಬೋರ್ಡಿನಲ್ಲಿ ಉರಿಯುತ್ತದೆ. ಗಾಳಿ ಎಳೆಯಲು ಇಂಜಿನ್ ಎಷ್ಟು ತ್ರಾಸ ಪಡುತ್ತಿದೆ ಎಂಬುದನ್ನು ಅದು ಅಳೆಯುತ್ತದೆ. ಟರ್ಬೊ ಡೀಸೆಲ್ ಇಂಜಿನ್ನುಗಳಲ್ಲಿ ಸಾಮಾನ್ಯವಾಗಿ 25 ಇಂಚು ನೀರಿನ ಒತ್ತಡಕ್ಕೆ, ಅಂದರೆ ಸುಮಾರು 6.2 ಕಿಲೋಪಾಸ್ಕಲ್‌ಗೆ, ಅದು ಕೆಂಪಾಗುತ್ತದೆ. ಕೆಂಪಾದಾಗ, ಅಥವಾ ಕೈಪಿಡಿಯಲ್ಲಿ ಹೇಳಿದ ಗಂಟೆ ತುಂಬಿದಾಗ, ಯಾವುದು ಮೊದಲೋ ಆಗ ಹೊರಗಿನ ದೊಡ್ಡ ಫಿಲ್ಟರನ್ನು ಹೊಸದಕ್ಕೆ ಬದಲಾಯಿಸಿ. ಇಂಡಿಕೇಟರ್ ಕೆಟ್ಟು ಹೋಗಿದ್ದರೆ ಅದನ್ನು ಮೊದಲು ಹಾಕಿಸಿ. ಅದರ ಬೆಲೆ ಒಂದು ಫಿಲ್ಟರಿಗಿಂತ ಹೆಚ್ಚಲ್ಲ.

ಒಳಗಿನ ಸಣ್ಣ ಫಿಲ್ಟರಿಗೆ ಸೇಫ್ಟಿ ಎಲಿಮೆಂಟ್ ಎನ್ನುತ್ತಾರೆ. ಅದನ್ನು ಯಾವ ಕಾರಣಕ್ಕೂ ಗಾಳಿ ಹೊಡೆದು ಶುಚಿ ಮಾಡಬಾರದು. ಹೊರಗಿನದು ತೂತಾದರೆ ಅಥವಾ ಬದಲಾಯಿಸುವಾಗ ಧೂಳು ಜಾರಿದರೆ ಇಂಜಿನ್ನನ್ನು ಕಾಯುವುದು ಅದೊಂದೇ. ಹೊರಗಿನದನ್ನು ಮೂರು ಬಾರಿ ಬದಲಾಯಿಸುವಾಗ ಒಮ್ಮೆ ಒಳಗಿನದನ್ನೂ ಬದಲಾಯಿಸುವುದು ರೂಢಿ. ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯೇ ಪ್ರಮಾಣ. ತೆಗೆದು ಹೊಸದನ್ನು ಆ ಕ್ಷಣವೇ ಹಾಕಬೇಕು. ಅದಿಲ್ಲದೆ ಒಂದು ಎಕರೆ ಹೊಡೆದು ಬರೋಣ ಎನ್ನಬಾರದು.

ಹೊಲದ ನಡುವೆ ಕೆಂಪು ದೀಪ ಬಂದು, ಹೊಸ ಫಿಲ್ಟರ್ ಕೈಯಲ್ಲಿಲ್ಲದಾಗ ಏನು ಮಾಡಬೇಕೆಂದು ನೀವು ಕೇಳಬಹುದು. ಫಿಲ್ಟರ್ ತಯಾರಕರಲ್ಲಿ ಹಲವರು ಶುಚಿ ಮಾಡುವುದೇ ಬೇಡ ಎನ್ನುತ್ತಾರೆ. ಅನಿವಾರ್ಯವಾದರೆ ಒತ್ತಡವನ್ನು 2 ಬಾರ್‌ಗೆ, ಅಂದರೆ ಸುಮಾರು 30 ಪಿಎಸ್ಐಗೆ ಇಳಿಸಿ, ನಳಿಗೆಯನ್ನು ಕಾಗದಕ್ಕೆ ತಾಗಿಸದೆ ಒಳಗಿನಿಂದ ಹೊರಕ್ಕೆ ಮಡಿಕೆಗಳುದ್ದಕ್ಕೂ ಗಾಳಿ ಹೊಡೆಯಿರಿ. ಆಮೇಲೆ ಕತ್ತಲ ಕೋಣೆಯಲ್ಲಿ ಒಳಗೆ ಬಲ್ಬು ಹಿಡಿದು, ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆ ಕಂಡರೂ ಎಸೆಯಿರಿ. ಹೆಚ್ಚುವರಿ ಫಿಲ್ಟರೊಂದನ್ನು ಅದರ ಡಬ್ಬಿಯಲ್ಲೇ, ಪ್ಲಾಸ್ಟಿಕ್ ಬಿಚ್ಚದೆ, ಟ್ರ್ಯಾಕ್ಟರಿನೊಂದಿಗೆ ಕಳಿಸುವುದು ಇದೆಲ್ಲಕ್ಕಿಂತ ಉತ್ತಮ.

ದಿನವೂ ಏನಾದರೂ ಮಾಡಲೇಬೇಕೆಂಬ ನಿಮ್ಮ ಚಾಲಕರ ಕಾಳಜಿಗೆ ತಕ್ಕ ಕೆಲಸವೂ ಇದೆ. ಏರ್ ಕ್ಲೀನರಿನ ಗೂಡಿನ ತಳದಲ್ಲಿ ರಬ್ಬರಿನ ತುಟಿಯಂಥ ಕವಾಟವಿರುತ್ತದೆ. ಗಾಳಿಯನ್ನು ಸುಳಿಯಂತೆ ತಿರುಗಿಸಿ ದಪ್ಪ ಧೂಳನ್ನು ಫಿಲ್ಟರಿಗೆ ಮುಂಚೆಯೇ ಬೇರ್ಪಡಿಸುವ ವ್ಯವಸ್ಥೆಯ ಕಸ ಹೊರಬೀಳುವುದು ಅಲ್ಲಿಂದಲೇ. ಅದನ್ನು ದಿನವೂ ಬೆರಳಿನಿಂದ ಹಿಚುಕಿ ಧೂಳು ಬೀಳಿಸಬೇಕು. ಅದು ಕೆಳಮುಖವಾಗಿರಬೇಕು, ಗಟ್ಟಿಯಾಗಿ ಬಾಯಿ ತೆರೆದುಕೊಂಡಿದ್ದರೆ ಅಥವಾ ಬಿದ್ದು ಹೋಗಿದ್ದರೆ ದಪ್ಪ ಧೂಳೆಲ್ಲ ಕಾಗದಕ್ಕೇ ಬಡಿಯುತ್ತದೆ. ಆ ತುಟಿಯಿಲ್ಲದೆ ತೂತಿಗೆ ಬಟ್ಟೆ ತುರುಕಿದ ಟ್ರ್ಯಾಕ್ಟರುಗಳನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಇಷ್ಟು ಸಣ್ಣ ರಬ್ಬರಿಗಾಗಿ ಒಂದು ಇಂಜಿನ್ ಕಳೆದುಕೊಳ್ಳುವುದನ್ನು ನೋಡಿದರೆ ಸಂಕಟವಾಗುತ್ತದೆ. ಕಬ್ಬಿನ ಹೊಲದಲ್ಲಾದರೆ ಗಾಳಿ ಒಳಬರುವ ಜಾಳಿಗೆಯ ಮೇಲೆ ರವದಿ (ಕಬ್ಬಿನ ಒಣ ಗರಿ) ಹೆಣೆದುಕೊಂಡಿದೆಯೇ ಎಂದೂ ನೋಡಬೇಕು.

ಈಗ ನಿಮ್ಮ ಮುಂದಿರುವ ಖರ್ಚಿನ ಬಗ್ಗೆ. ಹೊಸ ಲೈನರ್ ಹಾಕುವ ಮೊದಲು ಧೂಳು ಎಲ್ಲಿಂದ ನುಗ್ಗಿತೆಂದು ಪತ್ತೆ ಮಾಡದಿದ್ದರೆ ಹೊಸ ಲೈನರೂ ಅದೇ ಹಾದಿ ಹಿಡಿಯುತ್ತದೆ. ಕೆಲವು ವರ್ಷಗಳ ಹಿಂದೆ ನಾನೇ ಹೀಗೆ ಮೋಸಹೋದೆ. ಬಾಡಿಗೆ ಟ್ರ್ಯಾಕ್ಟರೊಂದರ ಇಂಜಿನ್ ಕಟ್ಟಿಕೊಟ್ಟು, ಹೊಸ ಫಿಲ್ಟರ್ ಹಾಕಿ ಕಳಿಸಿದೆ. ಒಂದು ಹಂಗಾಮು ಮುಗಿಯುವುದರೊಳಗೆ ಅದು ಮತ್ತೆ ಆಯಿಲ್ ಉರಿದು ಬರುವ ನೀಲಿ ಹೊಗೆ ಉಗುಳುತ್ತ ಬಂತು. ಎರಡನೆಯ ಸಲ ಬಿಚ್ಚುವಾಗ ಕಂಡದ್ದು, ಫಿಲ್ಟರಿನಿಂದ ಟರ್ಬೊಗೆ ಹೋಗುವ ರಬ್ಬರ್ ಹೋಸಿನ ಅಡಿಭಾಗದಲ್ಲಿ ಕ್ಲ್ಯಾಂಪ್ ಕೊರೆದ ಸೀಳು. ಫಿಲ್ಟರ್ ಎಷ್ಟು ಒಳ್ಳೆಯದಿದ್ದರೂ ಅದರ ಆಚೆ ಸೀಳಿದ್ದರೆ ಇಂಜಿನ್ ಅಲ್ಲಿಂದಲೇ ಉಸಿರೆಳೆಯುತ್ತದೆ. ಆದ್ದರಿಂದ ಫಿಲ್ಟರ್ ಆಚೆಯ ಕೊಳವೆಯನ್ನು ಬಿಚ್ಚಿಸಿ, ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಅಲ್ಲಿ ಮಣ್ಣಿನ ಬಣ್ಣ ಅಂಟಿದರೆ ಸಾಕ್ಷಿ ಸಿಕ್ಕಿತು. ಧೂಳಿನ ಗೆರೆ ಎಲ್ಲಿಂದ ಶುರುವಾಗಿದೆಯೋ ಅಲ್ಲೇ ಸೀಳು ಅಥವಾ ಸಡಿಲ ಕ್ಲ್ಯಾಂಪ್ ಇರುತ್ತದೆ. ಟರ್ಬೊದ ಗಾಳಿ ಎಳೆಯುವ ಚಕ್ರದ ರೆಕ್ಕೆಗಳ ಅಂಚು ಸವೆದಿದೆಯೇ ಎಂದು ಮೆಕ್ಯಾನಿಕ್ ಅವರನ್ನು ಕೇಳಿ. ಎರಡನೆಯ ಟ್ರ್ಯಾಕ್ಟರಿನಲ್ಲಿಯೂ ಇದೇ ಪರೀಕ್ಷೆಯನ್ನು ಈ ವಾರವೇ ಮಾಡಿಸಿ, ಏಕೆಂದರೆ ಅದನ್ನು ಉಳಿಸಿಕೊಳ್ಳಲು ಇನ್ನೂ ಸಮಯವಿದೆ.

ಪ್ರಶ್ನೆ: ನಾನು ಕಲಬುರಗಿಯವನು, ನಾನಾ ಪೇಠದ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ. ದೊಡ್ಡ ಟ್ರ್ಯಾಕ್ಟರಿನ ಒಂದೇ ಅಳತೆಯ ಫಿಲ್ಟರ್ ಮೂರು ದರಗಳಲ್ಲಿ ಸಿಗುತ್ತದೆ. ಕಡಿಮೆ ಬೆಲೆಯದು ಕಂಪನಿಯದರ ಮೂರನೇ ಒಂದು ಭಾಗಕ್ಕೂ ಬರುತ್ತದೆ. ಗಿರಾಕಿಗಳು ‘ಅಳತೆ ಸರಿಯಿದೆ ಅಲ್ಲವೇ, ಇದನ್ನೇ ಕೊಡಿ’ ಎನ್ನುತ್ತಾರೆ. ಅವರಿಗೆ ಏನು ಹೇಳಬೇಕು? (ಪುಣೆ)

ಉತ್ತರ: ಅಂಗಡಿಯ ಒಳಗಿದ್ದು ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಕೃತಜ್ಞತೆ. ಅಳತೆ ಸರಿಯಿದ್ದ ಮಾತ್ರಕ್ಕೆ ಫಿಲ್ಟರ್ ಸರಿಯಿದೆ ಎಂದಾಗುವುದಿಲ್ಲ. ನೋಡಬೇಕಾದದ್ದು ಒಳಗಿನ ಕಾಗದದ ಒಟ್ಟು ವಿಸ್ತಾರ. ಹೊರಗಿನ ವ್ಯಾಸ, ಎತ್ತರ ಎರಡೂ ಒಂದೇ ಇದ್ದು, ಒಂದರಲ್ಲಿ ಮಡಿಕೆಗಳು ಕಡಿಮೆ ಮತ್ತು ಗಿಡ್ಡವಾಗಿದ್ದರೆ ಕಾಗದ ಅರ್ಧಕ್ಕೆ ಇಳಿದಿರುತ್ತದೆ. ಆಗ ಅದು ಬೇಗ ಕಟ್ಟಿಕೊಳ್ಳುತ್ತದೆ, ಚಾಲಕರು ಬೇಗ ಬಿಚ್ಚುತ್ತಾರೆ, ಗಾಳಿ ಹೊಡೆಯುತ್ತಾರೆ, ಮೇಲೆ ಹೇಳಿದ ಕಥೆ ಮತ್ತೆ ಶುರುವಾಗುತ್ತದೆ. ಕಟ್ಟಿಕೊಳ್ಳುವುದೇ ಇಲ್ಲ ಎಂದು ಹೊಗಳಿಸಿಕೊಳ್ಳುವ ಅಗ್ಗದ ಫಿಲ್ಟರ್ ಇನ್ನೂ ಅಪಾಯಕಾರಿ, ಏಕೆಂದರೆ ಧೂಳು ಅದರಲ್ಲಿ ನಿಲ್ಲದೆ ದಾಟಿ ಹೋಗುತ್ತಿರಬಹುದು.

ಕೌಂಟರಿನಲ್ಲಿ ನಿಂತು ಕೈಯಿಂದಲೇ ಪರೀಕ್ಷಿಸಬಹುದಾದ ಕೆಲವು ಸಂಗತಿಗಳಿವೆ. ಮಡಿಕೆಗಳ ನಡುವಿನ ಅಂತರ ಸುತ್ತಲೂ ಒಂದೇ ಸಮನಾಗಿದೆಯೇ, ಎಲ್ಲಾದರೂ ಗುಂಪುಗಟ್ಟಿವೆಯೇ ಎಂದು ನೋಡಿ. ಎರಡು ತುದಿಗಳಲ್ಲಿ ಕಾಗದವನ್ನು ಹಿಡಿದಿರುವ ಅಂಟು ತುಂಬಿ ಕುಳಿತಿರಬೇಕು. ಅಲ್ಲಿ ಗುಳ್ಳೆಗಳು ಒಡೆದು ಬಿರುಕಾಗಿದ್ದರೆ ಅದನ್ನು ಮಾರಬೇಡಿ. ಸೀಲಿನ ರಬ್ಬರನ್ನು ಒತ್ತಿದರೆ ಮತ್ತೆ ಮೇಲೇಳಬೇಕು. ಈಚಿನ ಹಲವು ಫಿಲ್ಟರುಗಳಲ್ಲಿ ಸೀಲ್ ತುದಿಯ ಮೇಲೆ ಒತ್ತುವ ಬದಲು ಒಳವ್ಯಾಸದಲ್ಲಿ ಕೊಳವೆಯನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಇಲ್ಲಿ ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಫಿಲ್ಟರ್ ಕೂತಂತೆ ಕಾಣುತ್ತದೆಯೇ ಹೊರತು ಕೂತಿರುವುದಿಲ್ಲ. ಸುಲಭವಾಗಿ ಒಳಸೇರಲಿ ಎಂದು ಅದಕ್ಕೆ ಗ್ರೀಸ್ ಬಳಿಯುವ ಅಭ್ಯಾಸವನ್ನೂ ಗಿರಾಕಿಗಳಿಗೆ ಬಿಡಿಸಿ. ಗ್ರೀಸ್ ಧೂಳನ್ನು ಹಿಡಿದು ಸೀಲಿನ ಬುಡದಲ್ಲೇ ಕೂಡಿಹಾಕುತ್ತದೆ.

ಕಂಪನಿಯ ಡಬ್ಬಿಯೇ ಬೇಕೆಂದು ನಾನು ಹೇಳುವುದಿಲ್ಲ. ಹೆಸರಾಂತ ಫಿಲ್ಟರ್ ತಯಾರಕರು ಅದೇ ಟ್ರ್ಯಾಕ್ಟರಿಗೆ ತಮ್ಮದೇ ಸಂಖ್ಯೆಯಲ್ಲಿ ಫಿಲ್ಟರ್ ಮಾರುತ್ತಾರೆ. ಅವರ ಪಟ್ಟಿಯಲ್ಲಿ ಟ್ರ್ಯಾಕ್ಟರಿನ ಮಾದರಿ ಮತ್ತು ಮೂಲ ಪಾರ್ಟ್ ನಂಬರ್ ಎರಡೂ ಹೊಂದಿದರೆ ಧೈರ್ಯವಾಗಿ ಕೊಡಬಹುದು. ಏರ್ ಕ್ಲೀನರುಗಳ ಪರೀಕ್ಷೆಗೆ ಐಎಸ್ಒ 5011 ಎಂಬ ಅಂತರರಾಷ್ಟ್ರೀಯ ವಿಧಾನವಿದೆ, ಅದರಲ್ಲಿ ನಿಗದಿತ ಧೂಳನ್ನು ನಿಗದಿತ ಗಾಳಿಯೊಡನೆ ಬಿಟ್ಟು ಎಷ್ಟು ತಡೆಯಿತು, ಎಷ್ಟು ಹಿಡಿದುಕೊಂಡಿತು ಎಂದು ತೂಗುತ್ತಾರೆ. ಸರಬರಾಜುದಾರರಲ್ಲಿ ಆ ಪರೀಕ್ಷೆಯ ವರದಿಯನ್ನು ಅಂಗಡಿಯವರು ಕೇಳಬಹುದು. ಗಿರಾಕಿಗೆ ಬಿಲ್ ಇಲ್ಲದೆ ಕೊಡಬೇಡಿ.

2023ರ ಜನವರಿ 1ರಿಂದ 50 ಎಚ್‌ಪಿಗೆ ಮೇಲ್ಪಟ್ಟ ಟ್ರ್ಯಾಕ್ಟರುಗಳಿಗೆ ಟ್ರೆಮ್ 4 ಹೊಗೆ ನಿಯಮ ಜಾರಿಗೆ ಬಂದ ಮೇಲೆ ಈ ಮಾತಿಗೆ ಇನ್ನಷ್ಟು ತೂಕ ಬಂದಿದೆ. ಈ ನಿಯಮಕ್ಕೆಂದು ಬಂದ, ಡೀಸೆಲ್ ಸಿಂಪಡಣೆಯನ್ನು ಕಂಪ್ಯೂಟರ್ ನಿಯಂತ್ರಿಸುವ ಕಾಮನ್ ರೈಲ್ ಇಂಜಿನ್ನುಗಳಲ್ಲಿ ಗಾಳಿ ಕಡಿಮೆಯಾದರೆ ಮಸಿ ಹೆಚ್ಚುತ್ತದೆ, ಮತ್ತು ಆ ಮಸಿ ಹೋಗಿ ಕೂರುವುದು ಹೊಗೆಯನ್ನು ಶುದ್ಧ ಮಾಡುವ ದುಬಾರಿ ಸಾಧನಗಳಲ್ಲಿ. ಫಿಲ್ಟರಿನಲ್ಲಿ ಉಳಿಸಿದ ಹಣ ಅಲ್ಲಿ ಹೋಗುತ್ತದೆ ಎಂದು ಗಿರಾಕಿಗೆ ವಿವರಿಸಿ ಹೇಳಿ.

ಪ್ರಶ್ನೆ: ಅಥಣಿಯಲ್ಲಿ ನಮ್ಮ ಅಣ್ಣನ ಬಳಿ ಹಳೆಯ ಟ್ರ್ಯಾಕ್ಟರ್ ಇದೆ, ಅದರಲ್ಲಿ ಆಯಿಲ್ ತುಂಬುವ ಏರ್ ಕ್ಲೀನರ್ ಇದೆ. ಅದನ್ನು ಕಾಗದದ ಫಿಲ್ಟರಿಗೆ ಬದಲಾಯಿಸಿಕೊಡಬೇಕೆಂದು ಇದ್ದೇನೆ. ಸರಿಯೇ? (ಡೊಂಬಿವಲಿ)

ಉತ್ತರ: ಗಾಳಿಯನ್ನು ಆಯಿಲಿನ ಬಟ್ಟಲು ಮತ್ತು ತಂತಿಬಲೆಯ ಮೂಲಕ ಹಾಯಿಸಿ ಧೂಳು ಹಿಡಿಯುವ, ಆಯಿಲ್ ಬಾತ್ ಎಂದು ಕರೆಯುವ ಆ ವ್ಯವಸ್ಥೆ ಕಾಗದದ ಫಿಲ್ಟರಿನಷ್ಟು ಸಣ್ಣ ಧೂಳನ್ನು ತಡೆಯುವುದಿಲ್ಲ ಎಂಬುದು ನಿಜ. ಇಂಜಿನ್ ನಿಧಾನವಾಗಿ ಓಡುವಾಗ ಗಾಳಿಗೆ ವೇಗವಿಲ್ಲದೆ ಧೂಳು ಆಯಿಲಿಗೆ ಬಡಿಯದೇ ದಾಟಿಕೊಳ್ಳುತ್ತದೆ. ಆದರೆ ಅದಕ್ಕೆ ಹೊಸ ಬಿಡಿಭಾಗ ಬೇಕಾಗದು, ಊರಿನಲ್ಲೇ ನಿಭಾಯಿಸಬಹುದು. ಬದಲಾಯಿಸುವುದಾದರೆ ಆ ಇಂಜಿನ್ನಿನ ಗಾಳಿಯ ಅಗತ್ಯಕ್ಕೆ ತಕ್ಕ ಗಾತ್ರದ ಇಡೀ ಗೂಡನ್ನು, ಎರಡೂ ಎಲಿಮೆಂಟ್ (ಹೊರಗಿನ ಮತ್ತು ಒಳಗಿನ ಫಿಲ್ಟರ್) ಮತ್ತು ಇಂಡಿಕೇಟರ್ ಸಮೇತ, ಟ್ರ್ಯಾಕ್ಟರ್ ಕಂಪನಿ ಆ ಮಾದರಿಗೆ ಒಪ್ಪಿದ ಕಿಟ್ಟಾಗಿಯೇ ಹಾಕಿಸಬೇಕು. ಗ್ಯಾರೇಜಿನಲ್ಲಿ ಕಾರಿನ ಫಿಲ್ಟರ್ ತಂದು ಬೆಸುಗೆ ಹಾಕುವುದಾದರೆ ಹಳೆಯದನ್ನೇ ಇಟ್ಟುಕೊಳ್ಳಿ.

ಹಳೆಯದನ್ನು ಇಟ್ಟುಕೊಂಡರೆ ಅಣ್ಣನವರಿಗೆ ನಾಲ್ಕು ವಿಷಯ ಹೇಳಿ. ಬಟ್ಟಲಿನಲ್ಲಿ ಗುರುತಿನವರೆಗೆ ಮಾತ್ರ ಆಯಿಲ್ ಇರಬೇಕು. ಕಡಿಮೆಯಾದರೆ ಧೂಳು ಹೋಗುತ್ತದೆ, ಹೆಚ್ಚಾದರೆ ಇಂಜಿನ್ ಆಯಿಲನ್ನೇ ಎಳೆದುಕೊಂಡು, ಕೆಲವೊಮ್ಮೆ ಕೀಲಿ ತಿರುಗಿಸಿದರೂ ನಿಲ್ಲದಷ್ಟು ವೇಗ ಹಿಡಿಯಬಹುದು. ಇಂಜಿನ್ ನಿಲ್ಲಿಸಿದ ಕೂಡಲೇ ಬಟ್ಟಲು ಬಿಚ್ಚದೆ, ತಂತಿಬಲೆಯಲ್ಲಿರುವ ಆಯಿಲ್ ಇಳಿಯುವವರೆಗೆ ಕಾಯಬೇಕು. ತಳದಲ್ಲಿ ಕೆಸರು ಸುಮಾರು ಒಂದು ಸೆಂಟಿಮೀಟರ್ ಕೂತಿದ್ದರೆ ಗಂಟೆ ನೋಡದೆ ಆಯಿಲ್ ಬದಲಿಸಬೇಕು. ಒಕ್ಕಣೆಯ ದಿನಗಳಲ್ಲಿ ಇದು ದಿನದ ಕೆಲಸವಾಗಬಹುದು. ತಂತಿಬಲೆಯನ್ನು ಡೀಸೆಲಿನಲ್ಲಿ ತೊಳೆದು ಚೆನ್ನಾಗಿ ಒಣಗಿಸದೆ ಹಾಕುವಂತಿಲ್ಲ.

ಪ್ರಶ್ನೆ: ಗೋವೆಯಲ್ಲಿ ಮಳೆಗಾಲವಿಡೀ ಗದ್ದೆಯ ಕೆಸರಿನಲ್ಲಿ ಟ್ರ್ಯಾಕ್ಟರ್ ಓಡುತ್ತದೆ. ಧೂಳೇ ಇಲ್ಲದಿರುವಾಗ ಫಿಲ್ಟರ್ ಬಗ್ಗೆ ಯೋಚಿಸಬೇಕೇ? (ಫೋಂಡಾ)

ಉತ್ತರ: ಯೋಚಿಸಬೇಕು, ಕಾರಣ ಮಾತ್ರ ಬೇರೆ. ಕಾಗದದ ಫಿಲ್ಟರಿಗೆ ನೀರು ತಾಗಿದರೆ ನಾರುಗಳು ಉಬ್ಬಿ ಗಾಳಿಯ ದಾರಿ ಕಿರಿದಾಗುತ್ತದೆ. ಬೇಸಿಗೆಯ ಧೂಳು ಹಿಡಿದಿದ್ದ ಫಿಲ್ಟರ್ ಒದ್ದೆಯಾದರೆ ಆ ಧೂಳು ಕೆಸರಾಗಿ ಮಡಿಕೆಗಳನ್ನು ಮುಚ್ಚಿಬಿಡುತ್ತದೆ. ಹೊಗೆ ಕಪ್ಪಾಗುವುದು, ಎಳೆತ ಕಡಿಮೆಯಾಗುವುದು, ಡೀಸೆಲ್ ಹೆಚ್ಚು ಹೋಗುವುದು ಇದರ ಲಕ್ಷಣ. ಆದ್ದರಿಂದ ಜಂಬಿಟ್ಟಿಗೆ ಮಣ್ಣಿನ ಕೆಂಪು ಧೂಳಿನಲ್ಲಿ ಬೇಸಿಗೆ ಕಳೆದ ಫಿಲ್ಟರನ್ನು ಜೂನ್ ಮೊದಲ ಮಳೆಗೆ ಮುಂಚೆ ಬದಲಾಯಿಸಿಬಿಡುವುದು ಒಳ್ಳೆಯದು. ಗಾಳಿ ಒಳಬರುವ ಕೊಳವೆಯ ಮೇಲಿನ ಮಳೆಟೊಪ್ಪಿ ಸ್ಥಾನದಲ್ಲಿರಲಿ. ತೊಳೆಯುವಾಗ ಒತ್ತಡದ ನೀರಿನ ಪೈಪನ್ನು ಆ ಕಡೆಗೆ ತಿರುಗಿಸಬೇಡಿ. ಒದ್ದೆಯಾದ ಫಿಲ್ಟರನ್ನು ಬಿಸಿಲಿಗಿಟ್ಟು ಅಥವಾ ಒಲೆಯ ಬಳಿ ಒಣಗಿಸಿ ಮತ್ತೆ ಬಳಸುವುದು ಸಲ್ಲದು. ಒಣಗಿದ ಕಾಗದಕ್ಕೆ ಮೊದಲಿನ ಬಲ ಮರಳಿ ಬರುವುದಿಲ್ಲ.

ಪ್ರಶ್ನೆ: ಇಂಜಿನ್ ಬಿಚ್ಚದೆಯೇ ಧೂಳು ಹೋಗುತ್ತಿದೆ ಎಂದು ತಿಳಿಯಲು ಸಾಧ್ಯವೇ? ಊರಿನಲ್ಲಿರುವ ನಮ್ಮ 90 ಎಚ್‌ಪಿ ಟ್ರ್ಯಾಕ್ಟರಿಗೆ ಕೇಳುತ್ತಿದ್ದೇನೆ. (ಚಿಂಚವಡ)

ಉತ್ತರ: ಸಾಧ್ಯ. ಬಳಸಿದ ಆಯಿಲಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಅದರಲ್ಲಿ ಸಿಲಿಕಾನ್, ಅಲ್ಯೂಮಿನಿಯಂ, ಕಬ್ಬಿಣ, ಕ್ರೋಮಿಯಂ ಎಷ್ಟಿದೆ ಎಂದು ದಶಲಕ್ಷದಲ್ಲಿ ಎಷ್ಟು ಭಾಗ ಎಂಬ ಲೆಕ್ಕದಲ್ಲಿ ಕೊಡುತ್ತಾರೆ. ಮಣ್ಣಿನಲ್ಲಿ ಸಿಲಿಕಾನ್ ಮತ್ತು ಅಲ್ಯೂಮಿನಿಯಂ ಎರಡೂ ಇರುವುದರಿಂದ ಇವೆರಡೂ ಜೊತೆಯಾಗಿ ಏರಿ, ಅವುಗಳ ಹಿಂದೆ ಲೈನರಿನ ಕಬ್ಬಿಣವೂ ರಿಂಗಿನ ಕ್ರೋಮಿಯಂ ಕೂಡ ಏರುತ್ತಿದ್ದರೆ ಧೂಳು ಹೋಗುತ್ತಿದೆ ಎಂದೇ ತಿಳಿಯಬೇಕು. ಸಿಲಿಕಾನ್ ಒಂದೇ ಹೆಚ್ಚಿದ್ದರೆ ಗಾಬರಿಯಾಗಬೇಡಿ; ಹೊಸ ಇಂಜಿನ್ನಿನಲ್ಲಿ ಅಥವಾ ಇತ್ತೀಚೆಗೆ ಬಿಚ್ಚಿ ಜೋಡಿಸಿದ ಇಂಜಿನ್ನಿನಲ್ಲಿ ಸೀಲಂಟ್ ಪೇಸ್ಟಿನಿಂದಲೂ ಅದು ಆಯಿಲಿಗೆ ಸೇರುತ್ತದೆ. ಒಂದು ವರದಿಯಿಂದ ತೀರ್ಮಾನಕ್ಕೆ ಬರುವುದಕ್ಕಿಂತ, ಪ್ರತಿ ಆಯಿಲ್ ಬದಲಾವಣೆಯಲ್ಲೂ ಮಾದರಿ ತೆಗೆದು ಏರಿಳಿತವನ್ನು ನೋಡುವುದು ಸರಿಯಾದ ವಿಧಾನ. ಇಂಜಿನ್ ಬಿಸಿಯಿರುವಾಗ, ಆಯಿಲ್ ಅರ್ಧ ಹರಿದ ಮೇಲೆ ನಡುಧಾರೆಯಿಂದ ಒಣಗಿದ ಶುದ್ಧ ಬಾಟಲಿಗೆ ತುಂಬಿಸಿ. ಇಂಜಿನ್ನಿನ ಒಟ್ಟು ಗಂಟೆ, ಆ ಆಯಿಲ್ ಓಡಿದ ಗಂಟೆ, ಏರ್ ಫಿಲ್ಟರ್ ಕೊನೆಯದಾಗಿ ತೆರೆದ ದಿನಾಂಕ, ಈ ಮೂರನ್ನೂ ಬಾಟಲಿಯ ಮೇಲೆ ಬರೆದು ಕಳಿಸಿ.